ಚೀಟಿ ಮುಚ್ಚಿಯೇ ಇರಲಿ

‘ಯಾರಿಗೆ ಯಾವ ಚಿಕಿತ್ಸೆ ಎಂದು ವೈದ್ಯರು ತೀರ್ಮಾನಿಸುವುದಿಲ್ಲವಂತೆ, ಚೀಟಿ ಎತ್ತಿದ ಹಾಗೆ ನಡೆಯುತ್ತದಂತೆ. ಇದೇನು ಡಾಕ್ಟ್ರೇ, ಜೀವದ ಜೊತೆ ಲಾಟರಿಯೇ?’ ಹೊಸ ಔಷಧಿಯ ಪ್ರಯೋಗಕ್ಕೆ ಸೇರುವಿರಾ ಎಂದು ದೊಡ್ಡ ಆಸ್ಪತ್ರೆಯಲ್ಲಿ ಕೇಳಿಸಿಕೊಂಡು ಬಂದವರು ನನ್ನಂಥ ಸಾಮಾನ್ಯ ವೈದ್ಯರ ಮುಂದೆ ಹೀಗೆ ಸಿಟ್ಟಾಗುವುದುಂಟು. ಸಿಟ್ಟು ಸಹಜವೇ. ಆದರೂ ಆ ಚೀಟಿಯನ್ನು ವೈದ್ಯರ ಕಣ್ಣಿಗೂ ಬೀಳದಂತೆ ಮುಚ್ಚಿಡಬೇಕು ಎಂದೇ ನಾನು ಹೇಳುತ್ತೇನೆ.

ವೈದ್ಯರು ಮೋಸ ಮಾಡಿಯಾರು ಎಂದಲ್ಲ, ಕನಿಕರ ತೋರಿಯಾರು ಎಂದು!

1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರ್‌ನಲ್ಲಿ ಸುಮಾರು 20,000 ಶಾಲಾ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ನಾಲ್ಕು ತಿಂಗಳ ಕಾಲ ಶಾಲೆಯಲ್ಲಿ ಹಾಲು, ಉಳಿದವರಿಗೆ ಇಲ್ಲ. ಮಕ್ಕಳನ್ನು ಚೀಟಿ ಎತ್ತಿಯೋ ಹೆಸರಿನ ಅಕ್ಷರಕ್ರಮದಲ್ಲೋ ಆರಿಸಿದರು. ಆದರೆ ಒಂದು ಗುಂಪಿನಲ್ಲಿ ಗಟ್ಟಿಮುಟ್ಟಾದ ಮಕ್ಕಳೋ ಬಡಕಲು ಮಕ್ಕಳೋ ಹೆಚ್ಚಾದಂತೆ ಕಂಡರೆ ಅದಲುಬದಲು ಮಾಡಲು ಶಾಲೆಗಳಿಗೆ ಅವಕಾಶವಿತ್ತು. ಆದದ್ದೇನು? ಪ್ರಯೋಗ ಶುರುವಾಗುವಾಗಲೇ ಹಾಲಿಲ್ಲದ ಗುಂಪಿನ ಮಕ್ಕಳು ಸರಾಸರಿಯಲ್ಲಿ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದರು! ಬಡ ಮಗುವಿಗೆ ಹಾಲು ಸಿಗಲಿ ಎಂದು ಮೇಷ್ಟರ ಮನಸ್ಸು ಕರಗಿರಬೇಕು ಎಂದು 1931ರಲ್ಲಿ ಗಾಸೆಟ್ ಎಂಬ ಸಂಖ್ಯಾಶಾಸ್ತ್ರಜ್ಞ ಬರೆದರು. (ಹಾಲಿನ ಲೆಕ್ಕದ ತಪ್ಪು ಹಿಡಿದ ಇವರು ಬಿಯರ್ ಕಂಪನಿಯ ನೌಕರರು!) ಅಷ್ಟು ಹಾಲು, ಅಷ್ಟು ಶ್ರಮ; ಹೋಲಿಕೆ ಮಾತ್ರ ಕೆಟ್ಟಿತು. ಆ ಮೇಷ್ಟರ ಜಾಗದಲ್ಲಿ ನೀವಿದ್ದರೂ, ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆವೇನೋ.

1947ರಲ್ಲಿ ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸುವಾಗ ಬ್ರಾಡ್‌ಫೋರ್ಡ್ ಹಿಲ್ ಈ ಬಾಗಿಲನ್ನೇ ಮುಚ್ಚಿದರು. ಔಷಧಿ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ರೋಗಿಯನ್ನು ಸೇರಿಸಿಕೊಳ್ಳುವುದು ನಿಶ್ಚಯವಾದ ಮೇಲಷ್ಟೇ ಮುಚ್ಚಿದ ಲಕೋಟೆ ಒಡೆಯಬೇಕು. ಇಂಜೆಕ್ಷನ್ನೋ ಬರೀ ವಿಶ್ರಾಂತಿಯೋ ಎಂಬುದು ಒಳಗಿನ ಚೀಟಿಯಲ್ಲಿ. ಮುಂದಿನ ಚೀಟಿ ಯಾವುದೆಂದು ತಿಳಿದರೆ ತಾನೇ ‘ಈ ರೋಗಿ ಬೇಡ, ನಾಳೆ ಬರುವವರಿರಲಿ’ ಎನ್ನಲು ಸಾಧ್ಯ? ಎಕ್ಸ್‌ರೇ ನೋಡಿದ ತಜ್ಞರಿಗೂ ಅದು ಯಾರದೆಂದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಮಂದಿ, ಪಡೆಯದ 52ರಲ್ಲಿ 14 ಮಂದಿ ತೀರಿಕೊಂಡರು. ಈ ವ್ಯತ್ಯಾಸವನ್ನು ನಂಬಬಹುದಾಗಿತ್ತು.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. ಕೆನೆತ್ ಷುಲ್ಜ್ ಮತ್ತು ಸಂಗಡಿಗರು 250 ಪ್ರಯೋಗಗಳನ್ನು ಜಾಲಾಡಿ 1995ರಲ್ಲಿ ಪ್ರಕಟಿಸಿದ ವರದಿಯಂತೆ, ಚೀಟಿ ಸರಿಯಾಗಿ ಮುಚ್ಚಿಡದ ಕಡೆ ಚಿಕಿತ್ಸೆಯ ಲಾಭ ಉಬ್ಬಿ ಕಂಡಿತ್ತು. ಹಾಗೆ ಉಬ್ಬಿದ ಲಾಭವನ್ನು ನಂಬಿ ನಾವು ಔಷಧಿ ಬರೆಯುತ್ತೇವೆ, ನೀವು ದುಡ್ಡು ಕೊಟ್ಟು ನುಂಗುತ್ತೀರಿ.

ನಾಳೆ ನಿಮ್ಮ ಮನೆಯವರನ್ನೇ ಪ್ರಯೋಗಕ್ಕೆ ಕರೆದರೆ ಸೇರಲೇಬೇಕೆಂದಿಲ್ಲ; ಲಿಖಿತ ಒಪ್ಪಿಗೆ ನಿಮ್ಮ ಹಕ್ಕು. ಸಹಿ ಹಾಕುವ ಮುನ್ನ ಹಂಚಿಕೆಯ ಪಟ್ಟಿ ಯಾರ ಬಳಿ ಇರುತ್ತದೆ ಎಂದು ಕೇಳಿ. ಯಾವ ಔಷಧಿ ಎಂಬುದು ಕೊನೆಯವರೆಗೂ ಗುಟ್ಟಾಗಿರುವುದಾದರೆ, ತುರ್ತು ಸಮಯದಲ್ಲಿ ಅದನ್ನು ಬಿಚ್ಚಿ ಹೇಳುವವರು ಯಾರು, ಅವರ ಫೋನ್ ನಂಬರು ಯಾವುದು ಎಂದೂ ಬರೆಸಿಕೊಳ್ಳಿ.