ಎರಡು ಕಾಳಗದಾಟಗಳು

ವಿಡಿಯೋ ಆಟವೆಂದೊಡನೆಯೇ ಹಿರಿಯರು ಮೂಗು ಮುರಿಯುವುದುಂಟು. ನಾನೂ ಅವರಲ್ಲೊಬ್ಬನಾಗಿದ್ದೆನು. ಕಳೆದ ಬೇಸಗೆಯ ರಜೆಯಲ್ಲಿ ಹದಿನಾಲ್ಕು ವರುಷದ ಮಗನೂ ಒಂಬತ್ತು ವರುಷದ ಮಗಳೂ ಜಪಾನಿನ ಕ್ಯಾಪ್‌ಕಾಮ್ ಕಂಪೆನಿಯ ‘ಸ್ಟ್ರೀಟ್ ಫೈಟರ್’ ಆಟವನ್ನೂ ಅದರ ಎರಡನೆಯ ಭಾಗವನ್ನೂ ಆಡುತ್ತಿದ್ದಾಗ ಬಳಿಯಲ್ಲಿ ಕುಳಿತು ನೋಡಿದೆನು. ಹೆಸರು ಒಂದೇ, ಸ್ವಭಾವ ಬೇರೆ.

ಮೊದಲನೆಯದು 1987ರದು. ಅದರಲ್ಲಿ ನಮಗೆ ದೊರೆಯುವವನು ರಿಯೂ ಎಂಬ ಜಟ್ಟಿ ಒಬ್ಬನೇ. ಐದು ದೇಶಗಳ ಹತ್ತು ಮಂದಿಯನ್ನು ಅವನು ಸೋಲಿಸಬೇಕು. ಜೊತೆಗಾರರು ಬಂದರೆ ಅವರಿಗೆ ಕೆನ್. ರೂಪು ಬೇರೆಯಾದರೂ ಪಟ್ಟುಗಳೆಲ್ಲ ರಿಯೂವಿನವೇ. ಕಾಸು ಹಾಕಿ ಆಡುವ ಯಂತ್ರವಾಗಿ ಇದು ಬಂದಾಗ, ಅದರ ಒಂದು ಬಗೆಯಲ್ಲಿ ಗುದ್ದಿಗೊಂದು, ಒದೆತಕ್ಕೊಂದು ದೊಡ್ಡ ಗುಂಡಿಯಿದ್ದಿತು. ಎಷ್ಟು ಬಲವಾಗಿ ಬಡಿದರೆ ತೆರೆಯ ಮೇಲಿನ ಏಟೂ ಅಷ್ಟು ಬಲ! ಎಳೆಯ ಕೈಗಳ ಗತಿಯೇನು? ಆರು ಸಣ್ಣ ಗುಂಡಿಗಳ ಯಂತ್ರವೂ ಬಂದುದು ಒಳ್ಳೆಯದೇ ಆಯಿತು. ಆದರೂ ರಿಯೂವಿನ ವಿಶೇಷವಾದ ಮೂರು ಪಟ್ಟುಗಳು ಸುಲಭವಾಗಿ ಕೈಗೂಡುವುವಲ್ಲ. ಕೈಗೂಡಿತೆಂದರೆ ಎದುರಾಳಿಯ ಪ್ರಾಣವೇ ಅರೆಯಾಗುವುದು. ನಮ್ಮ ಮನೆಯಲ್ಲಿ ಅವು ಮಗನಿಗೆ ಮಾತ್ರ ಒಲಿದಿದ್ದುವು. ಮಗಳು ಎರಡು ದಿನ ಸೋತು, ಕಣ್ಣೊರಸಿಕೊಂಡು ಎದ್ದುಹೋದಳು.

1991ರ ಎರಡನೆಯ ಭಾಗದಲ್ಲಿ ಎಂಟು ಮಂದಿಯೊಳಗೆ ಬೇಕಾದವರನ್ನು ಆರಿಸಿಕೊಳ್ಳಬಹುದು. ರಷ್ಯದ ಜಾಂಗೀಫ್ ನಿಧಾನಿ, ಆದರೆ ಅವನ ಹಿಡಿತಕ್ಕೆ ಸಿಕ್ಕಿದವರು ಉಳಿಯಲಾರರು. ನಮ್ಮ ದೇಶದವನೆನ್ನುವ ಧಾಲ್ಸಿಮ್ ಕೈಕಾಲುಗಳನ್ನು ಮಾರುದ್ದ ಚಾಚಿ ದೂರದಿಂದಲೇ ಹೊಡೆಯುವನು. (ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಇದಕ್ಕೆಲ್ಲ ಯೋಗವೆಂಬ ಹೆಸರು! ಜಪಾನಿನವರಿಗೆ ನಮ್ಮ ಯೋಗಿಗಳ ಪರಿಚಯ ಸಾಲದು.) ಅಂದಿನ ಆಟದಲ್ಲಿ ಇಬ್ಬರೂ ಒಬ್ಬನನ್ನೇ ಆರಿಸುವಂತಿರಲಿಲ್ಲ, ಆ ಅನುಕೂಲವು 1992ರ ಪರಿಷ್ಕೃತ ಆಟದಲ್ಲಿ ಬಂದಿತು. ಆದುದರಿಂದ ಇಲ್ಲಿ ತನ್ನ ಬಲವನ್ನು ತಿಳಿದರೆ ಸಾಲದು, ಎದುರಿನವನದನ್ನೂ ಅರಿತಿರಬೇಕು. ಒಂದರ ಬೆನ್ನಿಗೊಂದು ಬಿಡುವಿಲ್ಲದೆ ಏಟು ಕೂಡಿಸುವ ಚಮತ್ಕಾರವು ಇದರಲ್ಲಿ ರೂಢಿಗೆ ಬಂದಿತು. ರಚಿಸಿದವರೇ ಅದನ್ನು ಮೊದಲು ಯೋಚಿಸಿರಲಿಲ್ಲವಂತೆ.

ಎಂಟು ಮಂದಿಯಲ್ಲಿ ಹೆಂಗಸು ಒಬ್ಬಳೇ, ತಂದೆಯ ಸಾವಿನ ಸೇಡನ್ನು ತೀರಿಸಹೊರಟ ಚೀನದ ಚುನ್ ಲೀ. ಒದೆತದ ಗುಂಡಿಯನ್ನು ಬೇಗಬೇಗನೆ ಒತ್ತಿದರೆ ಅವಳ ಕಾಲು ಮಿಂಚಿನಂತೆ ಆಡುವುದು. ಮಗಳು ಅವಳನ್ನೇ ಹಿಡಿದಳು. ಆ ಸಂಜೆ ಅಣ್ಣನು ಮೂರು ಸಲ ಸೋತನು.

“ಹಳೆಯ ಆಟವನ್ನೇ ಆಡೋಣ” ಎಂದನು. ಮಗಳು ಒಪ್ಪಲಿಲ್ಲ.