ಮನೆವಾರ್ತೆ: ದೋಣಿಯ ದುರಸ್ತಿ – ಸ್ವಹಸ್ತವೋ, ಪರಹಸ್ತವೋ?

ಮಳೆಗಾಲಕ್ಕೆ ಬೇಕಾದುದನ್ನು ಬೇಸಗೆಯಲ್ಲಿಯೇ ಅಣಿಮಾಡಿಕೊಳ್ಳುವ ವಿಷಯದಲ್ಲಿ ಕೊಡಗಿನ ಗೃಹಸ್ಥರಿಗೂ ಗೃಹಿಣಿಯರಿಗೂ ನಾವು ಹೇಳಿಕೊಡತಕ್ಕದ್ದು ಹೆಚ್ಚೇನೂ ಇಲ್ಲ. ಸೌದೆ, ಹೆಂಚು, ಕೊಡೆ, ಕಂಬಳಿ ಇವೆಲ್ಲವೂ ಹೊತ್ತಿಗೆ ಸರಿಯಾಗಿ ಸಿದ್ಧವಾಗುವುವು. ಆದರೆ ಹೊಳೆಯ ದಡದ ಮನೆಗಳಲ್ಲಿ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಹರಿಗೋಲಾಗಲಿ, ಮರದಡಿಯಲ್ಲಿ ಕವಚಿಹಾಕಿದ ದೋಣಿಯಾಗಲಿ ನೆನಪಿಗೆ ಬರುವುದು ಬಹುಮಟ್ಟಿಗೆ ನೀರು ಅಂಗಳವನ್ನು ಮುಟ್ಟಿದಾಗಲೇ. ಆಗ ನೋಡಿದರೆ ತಳದಲ್ಲಿ ತೂತು! ಇದನ್ನು ಮನೆಯವರೇ ಮುಚ್ಚಿಕೊಳ್ಳಬೇಕೋ, ಕೂಲಿ ಕೊಟ್ಟು ಬಲ್ಲವರಿಂದ ಮಾಡಿಸಬೇಕೋ ಎಂಬ ಪ್ರಶ್ನೆ ಸಿದ್ದಾಪುರದ ಕಡೆಯ ಹೊಳೆದಡದ ಸಂಸಾರಗಳಲ್ಲಿ ಏಳುವುದು ಸಹಜವಾಗಿದೆ. ಈ ತಿಂಗಳು ಅದನ್ನೇ ವಿಚಾರಿಸೋಣ.

ಇದು ಬರಿಯ ಹಣದ ಲೆಕ್ಕವಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕಾವೇರಿಯು ಉಕ್ಕಿ ಸಿದ್ದಾಪುರದ ಸಮೀಪದ ಕರಡಿಗೋಡು, ಗುಹ್ಯ, ಹೊಳೆಯಾಚೆಯ ನೆಲ್ಲಿಹುದಿಕೇರಿ ಇವುಗಳ ದಡದ ಮನೆಗಳಿಗೆ ನುಗ್ಗಿದುದನ್ನು ಅಲ್ಲಿಯವರು ಮರೆತಿರಲಾರರು. ಅನೇಕ ಕುಟುಂಬಗಳು ನಿಂತ ನೆಲೆಯನ್ನೇ ಕಳೆದುಕೊಂಡುವು. ಅಂತಹ ಸೆಳವಿನಲ್ಲಿ ಸ್ವಂತ ದೋಣಿಯನ್ನು ನಂಬಿ ಕುಳಿತಿರುವುದು ಅವಿವೇಕವೇ ಸರಿ. ನೀರೇರುವ ಸೂಚನೆ ಬಂದೊಡನೆ ಮನೆ ಬಿಟ್ಟು ಎತ್ತರದ ಸ್ಥಳಕ್ಕೆ ಹೋಗುವುದೇ ಯೋಗ್ಯ. ಆದರೂ ನೀರು ಇಳಿದ ಮೇಲೆ ತೋಟಕ್ಕೆ ಹೋಗಲು, ಮೀನು ಹಿಡಿಯಲು, ಆಚೆ ದಡದ ನಂಟರನ್ನು ಕಾಣಲು ದೋಣಿ ಬೇಕಾಗುವುದು. ಆ ದಿನ ಅದರಲ್ಲಿ ಕುಳಿತುಕೊಳ್ಳುವವರು ನಮ್ಮ ಮಕ್ಕಳೇ ಅಲ್ಲವೆ?

ಮೊದಲು ಹರಿಗೋಲಿನ ಮಾತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯಸನು, ಅಲ್ಲಿಯ ಜನರು ಬುಟ್ಟಿಯಂತೆ ದುಂಡಗಿದ್ದು ಹೊರಮೈಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನೂ, ಅವು ನೆಟ್ಟಗೆ ಸಾಗದೆ ತಿರುಗುತ್ತಲೇ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ತೊಗಲಿನ ಸ್ಥಾನಕ್ಕೆ ಟಾರ್ಪಾಲೂ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಇಂದಿಗೂ ಉಳಿದಿದೆ. ತಿರುಗುವ ಸ್ವಭಾವವೂ ಉಳಿದಿದೆಯೆಂಬುದನ್ನು ಹೊಸಬರಾಗಿ ಹುಟ್ಟು ಹಿಡಿದವರೆಲ್ಲ ಬಲ್ಲರು!

ಹರಿಗೋಲಿಗೆ ಹೀಗೆ ಚರ್ಮವೊಂದು, ಎಲುಬೊಂದು. ಚರ್ಮದ ಕೆಲಸವನ್ನು ಮನೆಯವರು ಧಾರಾಳವಾಗಿ ಮಾಡಿಕೊಳ್ಳಬಹುದು. ಹರಿಗೋಲನ್ನು ಬಿಸಿಲಿನಲ್ಲಿ ಕವಚಿ ಹಿಡಿದು ಒಬ್ಬರು ಅದರೊಳಗೆ ಕುಳಿತು ನೋಡಿದರೆ ತೂತುಗಳಿರುವೆಡೆ ಬೆಳಕಿನ ಚುಕ್ಕಿಗಳು ಕಾಣುವುವು. ಮಕ್ಕಳಿಗೆ ಇದು ಆಟ, ಹಿರಿಯರಿಗೆ ಪರೀಕ್ಷೆ. ಕಂಡಲ್ಲೆಲ್ಲ ಸುಣ್ಣದ ಗುರುತು ಹಾಕಿ, ಆ ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ತೂತಿಗಿಂತ ನಾಲ್ಕು ಬೆರಳು ಅಗಲವಾದ ತೇಪೆಯನ್ನು ಡಾಂಬರಿನಿಂದ ಅಂಟಿಸಬೇಕು. ಕಾಫಿ ಕಣದ ಹಳೆಯ ಟಾರ್ಪಾಲಿನ ಗಟ್ಟಿಯಾದ ತುಂಡು ಇದಕ್ಕೆ ಸಾಕು. ತೇವವಿದ್ದಲ್ಲಿ ಡಾಂಬರು ಹಿಡಿಯುವುದಿಲ್ಲ. ಆದುದರಿಂದ ಕುಯ್ಲು ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ನಾಲ್ಕು ದಿನ ಬಿಸಿಲು ಕಂಡ ಕಾಲದಲ್ಲಿ ಈ ಕೆಲಸವಾಗಬೇಕು.

ಡಾಂಬರು ಕಾಯಿಸುವುದನ್ನು ಮಾತ್ರ ಹಗುರವಾಗಿ ಎಣಿಸಬಾರದು. ಅಡುಗೆಮನೆಯ ಒಲೆಯಲ್ಲಿ ಇದು ಸಲ್ಲದು. ಬಯಲಿನಲ್ಲಿ, ಸಣ್ಣ ಉರಿಯಲ್ಲಿ, ಮಕ್ಕಳನ್ನು ದೂರವಿರಿಸಿ ಕಾಯಿಸತಕ್ಕದ್ದು. ಕಾದ ಡಾಂಬರಿಗೆ ನೀರು ಬಿದ್ದರೆ ಅದು ಉಕ್ಕಿ ಸಿಡಿಯುವುದು; ತೆಳ್ಳಗಾಗಲೆಂದು ಸೀಮೆಎಣ್ಣೆ ಸುರಿದರೆ ಹೊತ್ತಿಕೊಳ್ಳುವುದು. ಮೈಮೇಲೆ ಸಿಡಿದರೆ ಕೀಳಲು ಹೋಗದೆ ತಣ್ಣೀರನ್ನು ಬಹಳ ಹೊತ್ತು ಸುರಿದು ವೈದ್ಯರ ಬಳಿಗೆ ಕರೆದೊಯ್ಯಬೇಕು. ಕಿತ್ತರೆ ಚರ್ಮವೂ ಅದರೊಡನೆ ಬರುವುದು.

ಎಲುಬಿನ ಸಂಗತಿ ಬೇರೆ. ಒಂದೆರಡು ದಬ್ಬೆ ಮುರಿದಿದ್ದರೆ ಅದರ ಪಕ್ಕದಲ್ಲಿ ಹೊಸದೊಂದನ್ನು ಸೇರಿಸಿ ಕಟ್ಟುವುದು ಕೈಚಳಕವುಳ್ಳವರಿಗೆ ಸಾಧ್ಯ. ತಳದ ನಡುವಿನ ಹೆಣಿಗೆ ಸಡಿಲಿದ್ದರೆ, ಇಲ್ಲವೆ ಸುತ್ತಿನ ಅಂಚು ಬಿಟ್ಟುಕೊಂಡಿದ್ದರೆ, ಬುಟ್ಟಿ ಹೆಣೆಯುವ ಮೇದರನ್ನೇ ಕರೆಯಬೇಕೆಂಬುದು ನಮ್ಮ ಮತ. ಹರಿಗೋಲಿನ ಬಲವೆಲ್ಲ ಒಂದು ದಬ್ಬೆಯ ಎಳೆತವನ್ನು ಇನ್ನೊಂದು ಹಂಚಿಕೊಳ್ಳುವುದರಲ್ಲಿದೆ. ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದು ಪುಸ್ತಕದಿಂದಾಗಲಿ ಪತ್ರಿಕೆಯಿಂದಾಗಲಿ ಬರುವ ವಿದ್ಯೆಯಲ್ಲ. ಬಿದಿರಿನ ಆಯ್ಕೆಯನ್ನೂ ಅವರು ಬಲ್ಲರು. ಎಳೆಯ ಬಿದಿರಿನಲ್ಲಿ ಪಿಷ್ಟ ಹೆಚ್ಚಾಗಿದ್ದು ಕೊರೆದು ಹಿಟ್ಟುದುರಿಸುವ ಹುಳುವಿಗೆ ಅದು ಹಬ್ಬದೂಟ. ಮೂರು ವರ್ಷ ಬಲಿತ ಬಿದಿರನ್ನು ಕಡಿದು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಆ ಪಿಷ್ಟವು ಕರಗಿಹೋಗುವುದು. ಇದನ್ನು ಮನೆಯವರು ಮುಂಚಿತವಾಗಿ ಮಾಡಿಟ್ಟರೆ ಕೆಲಸದವರ ಎರಡು ದಿನ ಉಳಿಯುವುದು. ಪ್ಲಾಸ್ಟಿಕ್ ಬುಟ್ಟಿಗಳು ಬಂದ ಮೇಲೆ ಮೇದರ ಕಸುಬು ಕುಗ್ಗಿದೆ. ಅವರನ್ನು ಕರೆಯುವವರಿಲ್ಲದಿದ್ದರೆ, ಬೇಕಾದ ದಿನ ಕರೆದರೂ ಬರುವವರಿರುವುದಿಲ್ಲ ಎಂಬುದನ್ನೂ ಕೂಲಿ ಲೆಕ್ಕ ಹಾಕುವ ಯಜಮಾನರು ಗಮನಿಸಬೇಕು.

ಹಲಗೆಯ ದೋಣಿಯಲ್ಲಿ ಅರೆವಿದ್ಯೆಯ ಅಪಾಯ ಇನ್ನೂ ಹೆಚ್ಚು. ಬೇಸಗೆಯಲ್ಲಿ ದಡದ ಮೇಲಿದ್ದ ದೋಣಿಯ ಹಲಗೆಗಳು ಒಣಗಿ ಕುಗ್ಗಿ, ಸಂದಿಗಳು ಬಾಯಿಬಿಟ್ಟಿರುವುವು. ಇದನ್ನು ಕಂಡು ಹೆದರಿದ ಗೃಹಸ್ಥರು ಹತ್ತಿಯನ್ನೋ ನಾರನ್ನೋ ಸುತ್ತಿಗೆಯಿಂದ ಜಡಿದು ತುಂಬಿ, ಮೇಲೆ ರಾಳವನ್ನು ಮೆತ್ತಿ ತೃಪ್ತರಾಗುವರು. ದೋಣಿ ನೀರಿಗಿಳಿದೊಡನೆ ಹಲಗೆಗಳು ನೀರು ಹೀರಿ ಉಬ್ಬುವುವು. ಉಬ್ಬಿದ ಹಲಗೆಗೆ ಸರಿಯಲು ಎಡೆಯಿಲ್ಲದೆ ಮೊಳೆಗಳು ಸಡಿಲಗೊಂಡು ಪಕ್ಕೆಗಳೇ ಬಿರಿಯುವುದುಂಟು. ಮುಚ್ಚಿದ ಕೈಯೇ ಒಡೆದಂತಾಯಿತು! ಒಣಗಿದ ದೋಣಿಯನ್ನು ಮೊದಲು ಆಳವಿಲ್ಲದ ನೀರಿನಲ್ಲಿ ಕಟ್ಟಿ ಎರಡು ಮೂರು ದಿನ ಬಿಡಬೇಕು. ಅನೇಕ ಸಂದಿಗಳು ತಾವಾಗಿಯೇ ಕೂಡಿಕೊಳ್ಳುವುವು. ಆ ಮೇಲೂ ಒಸರುವ ಸಂದಿಯೇ ನಿಜವಾದ ರೋಗಿ. ಅದನ್ನು ದೋಣಿಯ ಕೆಲಸ ಬಲ್ಲ ಬಡಗಿಗೆ ತೋರಿಸತಕ್ಕದ್ದು. ಫೈಬರ್ ದೋಣಿಗಳ ಬಗ್ಗೆ ಒಂದೇ ಮಾತು: ಅಂಟಿಗೆ ಬೆರೆಸುವ ಗಟ್ಟಿಗೊಳಿಸುವ ದ್ರವವು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕೇಡು, ಕನ್ನಡಕವಿಲ್ಲದೆ ಆ ಶೀಸೆಯನ್ನು ತೆರೆಯಬಾರದು.

ಸ್ವತಃ ಮಾಡುವವರಲ್ಲಿಯೂ ಕೂಲಿಗೆ ಮಾಡುವವರಲ್ಲಿಯೂ ಸಮಾನವಾಗಿ ಕಾಣುವ ದೋಷವೊಂದಿದೆ: ನೋಡದೆ ಬಳಿಯುವುದು. ಡಾಂಬರಾಗಲಿ ಬಣ್ಣವಾಗಲಿ ಕೊಳೆತ ಮರವನ್ನು ಗುಣಪಡಿಸಲಾರದು, ಮರೆಮಾಡಬಲ್ಲದು ಅಷ್ಟೆ. ಮೇಲಿನಿಂದ ಕರ್ರಗೆ ಹೊಳೆಯುವ ದೋಣಿಯನ್ನು ಕಂಡು ಮನೆಯ ಹೆಂಗಸರು ಧೈರ್ಯವಾಗಿ ಮಗುವನ್ನೆತ್ತಿಕೊಂಡು ಹತ್ತುವರು. ಒಳಗಿನ ಕೊಳೆತ ಅವರಿಗೆ ತಿಳಿಯುವ ಬಗೆ ಹೇಗೆ? ಆದಕಾರಣ ಬಳಿಯುವುದಕ್ಕೆ ಮುಂಚೆ ದಬ್ಬಣದ ಮೊನೆಯಿಂದ ತಳವನ್ನೆಲ್ಲ ಅಲ್ಲಲ್ಲಿ ಚುಚ್ಚಿ ನೋಡಬೇಕು. ಗಟ್ಟಿಮರ ಮೊನೆಯನ್ನು ತಡೆಯುವುದು, ಕೊಳೆತದ್ದು ಬೆಣ್ಣೆಯಂತೆ ಒಳಗೆ ಬಿಡುವುದು. ಮರದ ಕೊಡತಿಯಿಂದ ತಟ್ಟಿದರೆ ದನಿಯಲ್ಲಿಯೂ ವ್ಯತ್ಯಾಸ ತಿಳಿಯುವುದು. ಈ ಪರೀಕ್ಷೆಯನ್ನು ಮನೆಯವರೇ ಮಾಡಬೇಕು, ಕೂಲಿಗೆ ಬಿಡಬಾರದು. ಎಲ್ಲಿ ಕೆಟ್ಟಿದೆಯೆಂದು ಬಲ್ಲ ಯಜಮಾನನಿಗೆ ಕೆಲಸಗಾರನೂ ಒಳ್ಳೆಯ ಕೆಲಸ ಮಾಡಿಕೊಡುವನು.

ಕೆಲಸದವರು ಬಂದ ದಿನ ಮನೆಯ ಹುಡುಗನೊಬ್ಬನೋ ಹುಡುಗಿಯೊಬ್ಬಳೋ ಅವರ ಬಳಿ ಕುಳಿತು, ದಬ್ಬೆ ಎತ್ತಿಕೊಡುತ್ತ ಹಗ್ಗ ಹಿಡಿಯುತ್ತ ನೋಡಲಿ. ಇದರಿಂದ ಮಾನ ಹೋಗುವುದೆಂದು ಭಾವಿಸುವ ಹಿರಿಯರು ಇನ್ನೂ ಇದ್ದಾರೆಂದು ಕೇಳಿ ನಮಗೆ ನಗು ಬರುತ್ತದೆ. ಮಧ್ಯ ಮಳೆಗಾಲದಲ್ಲಿ ತೇಪೆ ಬಿಟ್ಟುಕೊಂಡರೆ ಮೇದರ ಕೇರಿಗೆ ಹೋಗಲು ದಾರಿಯೇ ಇರದಿರಬಹುದು. ಅಂದು ಈ ಮಗುವಿನ ಕಣ್ಣೇ ಮನೆಗೆ ಆಧಾರ.

ಇನ್ನು, ದುಬಾರೆಯಲ್ಲಿ ಆನೆಶಿಬಿರವನ್ನು ನೋಡಹೋಗುವವರನ್ನು ಹೊಳೆ ದಾಟಿಸುವಂತೆ, ಬಾಡಿಗೆಗೆ ಜನರನ್ನು ಕೂರಿಸುವ ದೋಣಿಗಳಿಗೆ ಮೇಲಿನ ಯಾವ ಸ್ವಾತಂತ್ರ್ಯವೂ ಸಲ್ಲದು. ಕಾಸು ಕೊಟ್ಟು ಹತ್ತುವ ಅಪರಿಚಿತನಿಗೆ ದಬ್ಬಣದಿಂದ ಚುಚ್ಚಿ ನೋಡುವ ಅವಕಾಶವಿಲ್ಲ. ಯಂತ್ರದಿಂದ ನಡೆಯುವ ಒಳನಾಡಿನ ದೋಣಿಗಳಿಗೆ ತಪಾಸಣೆಯೂ ನೋಂದಣಿಯೂ ಬೇಕೆಂದು 2021ರ ಕಾನೂನು ವಿಧಿಸಿರುವುದು ಇದಕ್ಕಾಗಿಯೇ.

ದುರಸ್ತಿ ಯಾರದೇ ಆಗಿರಲಿ, ಮುಗಿದೊಡನೆ ಹತ್ತಬಾರದು. ಕುಳಿತುಕೊಳ್ಳುವವರ ಒಟ್ಟು ತೂಕದಷ್ಟು ಮರಳಿನ ಚೀಲಗಳನ್ನು ಒಳಗಿರಿಸಿ, ದಡದ ಗಟ್ಟಿ ಮರಕ್ಕೆ ಹಗ್ಗದಿಂದ ಕಟ್ಟಿ, ಮೊಣಕಾಲುದ್ದದ ನೀರಿನಲ್ಲಿ ಒಂದು ರಾತ್ರಿ ತೇಲಬಿಡಿ. ಬೆಳಿಗ್ಗೆ ಒಳಗೆ ಒಂದು ಚೆಂಬು ನೀರು ಸಿಕ್ಕಿದರೆ ಚಿಂತೆಯಿಲ್ಲ. ಒಂದು ಕೊಡ ಸಿಕ್ಕಿದರೆ ಚೀಲಗಳನ್ನು ಇಳಿಸಿ, ದೋಣಿಯನ್ನು ದಡಕ್ಕೆಳೆದು, ಸುಣ್ಣದ ಗುರುತನ್ನು ಮತ್ತೆ ಮೊದಲಿನಿಂದ ಹಾಕುತ್ತ ಬನ್ನಿ.