ಮಾಸಿದ ತೊನ್ನು ಮರಳಿದಾಗ



ನನ್ನ ಮಗಳ ಸೊಂಟದ ಮೇಲಿದ್ದ ತೊನ್ನು ಒಂದೂವರೆ ವರ್ಷದ ಬೆಳಕಿನ ಚಿಕಿತ್ಸೆಯಿಂದ ಪೂರ್ತಿ ಮಾಸಿತ್ತು. ಮೊದಲು ರೋಮದ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು, ಆಮೇಲೆ ಅವೆಲ್ಲ ಕೂಡಿಕೊಂಡು ಬಣ್ಣ ತುಂಬಿ ಬಂದದ್ದನ್ನು ನೋಡಿ ಹಿಗ್ಗಿದವಳು ನಾನು. ಚಿಕಿತ್ಸೆ ನಿಲ್ಲಿಸಿದ ಎಂಟು ತಿಂಗಳಿಗೆ, ಲಂಗದ ಲಾಡಿ ಒತ್ತುವ ಜಾಗದಲ್ಲೇ ಮತ್ತೆ ಬಿಳಿ ಗೆರೆ ಮೂಡಿತು. ಮೀನು, ಹಾಲು ಒಟ್ಟಿಗೆ ತಿಂದಿರಬೇಕು ಎಂದರು ನೆಂಟರು. ಅವಳು ಊಟವನ್ನೇ ಕಡಿಮೆ ಮಾಡಿದಳು.

ಇದರಲ್ಲಿ ಅವಳ ತಪ್ಪೇನೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳು ಕಲೆ ಮಾಸಿದ ಮೇಲೂ ಅಲ್ಲೇ ಉಳಿದಿರುತ್ತವಂತೆ. ಚಿಕಿತ್ಸೆ ನಿಂತ ಮೊದಲ ವರ್ಷದಲ್ಲೇ ನೂರಕ್ಕೆ ಸುಮಾರು 40 ಮಂದಿಗೆ ಮರುಕಳಿಸುತ್ತದೆ. ವಾರಕ್ಕೆರಡು ಸಲ ಟ್ಯಾಕ್ರೋಲಿಮಸ್ ಮುಲಾಮು ಮುಂದುವರಿಸಿದರೆ ಈ ಸಂಭವ ತಗ್ಗುತ್ತದೆಂದು ಫ್ರಾನ್ಸಿನ ವೈದ್ಯರು 2015ರಲ್ಲೇ ತೋರಿಸಿದ್ದಾರೆ. ನಮಗೆ ಯಾರೂ ಇದನ್ನು ಹೇಳಲಿಲ್ಲ. ‘ವಾಸಿಯಾಯ್ತು, ಇನ್ನು ಬರೋದು ಬೇಡ’ ಎಂದು ಕಳಿಸಿಬಿಟ್ಟರು.

ಚರ್ಮವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ: ಕೊನೆಯ ಚೀಟಿಯಲ್ಲಿ ಮುಂದಿನ ಭೇಟಿಯ ದಿನಾಂಕವನ್ನೂ ಬರೆದು ಕೊಡಿ. ಬಿಗಿ ಲಾಡಿ ಒತ್ತಿದಲ್ಲಿ, ಚಪ್ಪಲಿ ಪಟ್ಟಿ ಉಜ್ಜಿದಲ್ಲಿ ತೊನ್ನು ಮರಳಬಹುದೆಂದು ಮೊದಲೇ ತಿಳಿಸಿ.

— ಒಬ್ಬ ತಾಯಿ, ಹಾಸನ